ನೀರಲ್ಲಿ ಸೆಂಟ್ರಿಂಗ್ ಹಾಕದೆ ಸೇತುವೆ ಕಟ್ಟುವುದು ಹೇಗೆ?

ಯಾದಗಿರಿ ಕಡೆಯವರಿಗೆ ಭೀಮಾ ನದಿಯ ಮಳೆಗಾಲ ಗೊತ್ತಲ್ವಾ? ಹೊಳೆಯೊಳಗೆ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗಿನಿಂದ ಹೊರುವ ತಾತ್ಕಾಲಿಕ ಆಧಾರ) ಹಾಕಿ ಕೂತರೆ ಒಂದೇ ಪ್ರವಾಹ ಸಾಕು, ಎಲ್ಲ ಕೊಚ್ಚಿಹೋಗುತ್ತದೆ. ಇಂಥ ಕಡೆ ನಾನು ಹೇಳುವುದು ಕ್ಯಾಂಟಿಲಿವರ್ ವಿಧಾನ, ಅಂದರೆ ಪಿಲ್ಲರ್‌ನಿಂದ ಎರಡೂ ಕಡೆ ತೋಳು ಚಾಚಿದ ಹಾಗೆ ತುಂಡು ತುಂಡಾಗಿ ಕಟ್ಟುತ್ತಾ ಹೋಗುವುದು.

ಬೇಸಿಗೆಯಲ್ಲಿ, ನೀರು ಕಡಿಮೆ ಇದ್ದಾಗಲೇ, ಬುನಾದಿ ಮತ್ತು ಪಿಲ್ಲರ್ ಮುಗಿಸಿ. ಪಿಲ್ಲರ್ ತಲೆಯ ಮೇಲೆ ಸೇತುವೆಯ ಮೊದಲ ಕಾಂಕ್ರೀಟ್ ತುಂಡು ಹಾಕಿ, ಅದು ಅಲುಗಾಡದ ಹಾಗೆ ಬಿಗಿಯಿರಿ. ಆಮೇಲೆ ಎರಡೂ ಕಡೆ ಮುಂದಕ್ಕೆ ಸರಿಯುವ ಉಕ್ಕಿನ ಚೌಕಟ್ಟು ಕೂರಿಸಿ, ಸುಮಾರು 3ರಿಂದ 5 ಮೀಟರ್ ಉದ್ದದ ತುಂಡುಗಳನ್ನು ತಕ್ಕಡಿಯ ಹಾಗೆ ಸಮ ತೂಕದಲ್ಲಿ ಹಾಕುತ್ತಾ ಹೋಗಿ, ಒಂದು ಕಡೆ ಮಾತ್ರ ಮುಂದೆ ಓಡಬೇಡಿ, ಪಿಲ್ಲರ್‌ಗೆ ಅದು ಅಪಾಯ. ಕ್ಯೂಬ್ ಪರೀಕ್ಷೆಯಲ್ಲಿ (ಅದೇ ಕಾಂಕ್ರೀಟ್‌ನ ಘನಾಕಾರದ ತುಂಡನ್ನು ಒತ್ತಿ ನೋಡುವುದು) ಬೇಕಾದಷ್ಟು ಬಲ ಬಂದ ಮೇಲೆಯೇ, ತುಂಡುಗಳನ್ನು ಒಟ್ಟಿಗೆ ಬಿಗಿಯುವ ಉಕ್ಕಿನ ಕೇಬಲ್ ಎಳೆಯಿರಿ. ಇಲ್ಲಿ ಅವಸರ ಬೇಡವೇ ಬೇಡ.

ನಮ್ಮ ಬಿಸಿಲಿನದೇ ದೊಡ್ಡ ವಿಷಯ. ಕಲಬುರಗಿಯ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಕಾಂಕ್ರೀಟ್ ರಾತ್ರಿ ಹಾಕಿ, ಗಟ್ಟಿಯಾಗುತ್ತಿದ್ದಂತೆ ಒದ್ದೆ ಗೋಣಿ ಚೀಲ ಹೊದಿಸಿ. ಲೆವೆಲ್ ಅಳೆಯುವುದು ಸೂರ್ಯ ಏರುವ ಮೊದಲು, ಯಾಕೆಂದರೆ ಮೇಲಿನ ಸ್ಲ್ಯಾಬ್ ಕಾದು ಹಿಗ್ಗಿದರೆ ತುದಿ ಕೆಳಗೆ ಬಾಗುತ್ತದೆ, ಮಧ್ಯಾಹ್ನದ ಅಳತೆ ಸುಮ್ನೆ ದಾರಿ ತಪ್ಪಿಸುತ್ತದೆ. ನಡುವಿನ ಕೊನೆಯ ತುಂಡನ್ನೂ ತಂಪು ಹೊತ್ತಲ್ಲೇ ಸೇರಿಸಿ.

ಸೇತುವೆ ನೇರವಾಗಿದ್ದು ಪಿಲ್ಲರ್‌ಗಳ ನಡುವಿನ ಅಂತರ 40–50 ಮೀಟರ್ ಮಾತ್ರ ಇದ್ದರೆ, ದಡದಲ್ಲೇ ಎರಕ ಹೊಯ್ದು ಜ್ಯಾಕ್‌ನಿಂದ ಮುಂದೆ ತಳ್ಳುವ ವಿಧಾನವೂ ಇದೆ. 1960ರ ದಶಕದಲ್ಲಿ ವೆನೆಜುವೆಲಾದ ಕರೋನಿ ನದಿಗೆ ಜರ್ಮನಿಯ ಎಂಜಿನಿಯರ್ ಫ್ರಿಟ್ಜ್ ಲಿಯೋನ್‌ಹಾರ್ಟ್ ಹೀಗೇ ಕಟ್ಟಿದರು.