ಮನೆಯ ಶೆಡ್ಡಿಗೆ ಲೇತ್ ತರುವ ಮುನ್ನ

ಮೊದಲೇ ಲೇತ್ (ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಯಂತ್ರ) ಬೇಡ. ಕಬ್ಬಿಣದ ಕೆಲಸದ ಹುಚ್ಚು ಹತ್ತಿದವರು ಇದ್ದ ದುಡ್ಡನ್ನೆಲ್ಲ ಲೇತಿಗೇ ಸುರಿಯುತ್ತಾರೆ, ಆಮೇಲೆ ಟೂಲ್ ಬಿಟ್ (ಲೇತಿನ ಕಡೆಯುವ ಅಲಗು) ಮಸೆಯಲು ಗ್ರೈಂಡರ್ ಇಲ್ಲದೆ ಕೈಕಟ್ಟಿ ಕೂರುತ್ತಾರೆ. ಮೊದಲು ತುಂಡನ್ನು ಬಿಗಿಯಾಗಿ ಹಿಡಿಯುವ 5 ಇಂಚಿನ ಬೆಂಚ್ ವೈಸ್, 6 ಇಂಚಿನ ಬೆಂಚ್ ಗ್ರೈಂಡರ್, 13 ಮಿ.ಮೀ. ಡ್ರಿಲ್ಲಿಂಗ್ ಮಷಿನ್ ತನ್ನಿ. ಅರ್ಧ ಕೆಲಸ ಇವುಗಳಲ್ಲೇ ಆಗುತ್ತದೆ.

ಡ್ರಿಲ್ಲಿಂಗ್ ಮಷಿನ್ ಕೊಳ್ಳುವಾಗ ಅದರ ಅತಿ ಕಡಿಮೆ ವೇಗ ಎಷ್ಟೆಂದು ಕೇಳಿ. ಎಂ.ಎಸ್. (ಮೈಲ್ಡ್ ಸ್ಟೀಲ್) ಕಬ್ಬಿಣಕ್ಕೆ 10 ಮಿ.ಮೀ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ನಿಮಿಷಕ್ಕೆ ಸುಮಾರು 800 ಸುತ್ತು, 13 ಮಿ.ಮೀ. ಬಿಟ್ ಸುಮಾರು 600 ಸುತ್ತು ತಿರುಗಬೇಕು. ಕನಿಷ್ಠ ವೇಗವೇ ಇದಕ್ಕಿಂತ ತೀರಾ ಹೆಚ್ಚಿದ್ದರೆ ದೊಡ್ಡ ಬಿಟ್ಟಿನ ತುದಿ ಸುಟ್ಟು ನೀಲಿಯಾಗುತ್ತದೆ. ಸ್ಪಿಂಡಲ್ಲನ್ನು (ತಿರುಗುವ ದಂಡ) ಪೂರ್ತಿ ಕೆಳಗಿಳಿಸಿ ಚಕ್ (ಬಿಟ್ ಕಚ್ಚಿ ಹಿಡಿಯುವ ಭಾಗ) ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕೈಗೆ ಸಡಿಲಿಕೆ ಸಿಕ್ಕರೆ ಆ ಮಷಿನ್ ಬಿಟ್ಟುಬಿಡಿ.

ಇನ್ನು ಲೇತ್. 7 ಇಂಚಿನ (ಅಷ್ಟು ಅಡ್ಡಳತೆಯ ತುಂಡು ತಿರುಗಬಲ್ಲ) ಹೊಸ ಮಿನಿ ಲೇತ್ ಮೇಜಿನ ಮೇಲೇ ಕೂರುತ್ತದೆ, ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲೇ ಓಡುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ, ಸಣ್ಣ ಪಿನ್ನು ಬುಷ್ಷುಗಳಿಗೆ ಸಾಕು. ಆದರೆ ತೂಕ ಕಡಿಮೆ, ಕಬ್ಬಿಣದಲ್ಲಿ ಪಾರ್ಟಿಂಗ್ ಹಾಕಿದರೆ (ತಿರುಗುವ ರಾಡನ್ನು ಅಡ್ಡಕ್ಕೆ ಕತ್ತರಿಸಿದರೆ) ಗಡಗಡ ನಡುಗುತ್ತದೆ.

ದಾವಣಗೆರೆ ಕಡೆಯವರಿಗೆ ಇನ್ನೊಂದು ದಾರಿಯಿದೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತುಗಳನ್ನೇ ಮಾಡುತ್ತಿತ್ತು. ಅದರ ಎಂಟರ್‌ಪ್ರೈಸ್ ಲೇತುಗಳು ಈಗಲೂ ಸೆಕೆಂಡ್ ಹ್ಯಾಂಡ್ ಮಾರಾಟಕ್ಕೆ ಬರುತ್ತವೆ. ಕಾರ್ಖಾನೆ ಮುಚ್ಚಿದೆ, ಹಾಗಾಗಿ ಮುರಿದ ಗೇರನ್ನು ಹೊಸದಾಗಿ ಕಡೆಸಬೇಕು ಇಲ್ಲವೇ ಇನ್ನೊಂದು ಹಳೇ ಲೇತಿನಿಂದ ಕಳಚಬೇಕು. ತೂಕ ಅರ್ಧ ಟನ್ನಿಗೂ ಮೇಲೆ. ಮಹಡಿ ಮನೆಯವರು ಆಸೆ ಪಡಬೇಡಿ!

ಹಳೇ ಲೇತಿನ ಹೊಸ ಪೇಂಟಿಗೆ ಮರುಳಾಗಬೇಡಿ, ಬೆಡ್ (ಲೇತಿನ ಉದ್ದನೆಯ ಹಳಿ) ನೋಡಿ. ಸವೆತ ಯಾವಾಗಲೂ ತುಂಡು ಹಿಡಿಯುವ ಚಕ್ಕಿನ ಹತ್ತಿರವೇ ಹೆಚ್ಚು, ಕೆಲಸವೆಲ್ಲ ಅಲ್ಲೇ ನಡೆದಿರುತ್ತದೆ. ಕ್ಯಾರೇಜನ್ನು (ಅಲಗು ಹೊತ್ತು ಬೆಡ್ ಮೇಲೆ ಸರಿಯುವ ಭಾಗ) ಚಕ್ಕಿನ ಪಕ್ಕ ತಂದು, ಅದರ ಲಾಕ್ ಬೋಲ್ಟನ್ನು ಕ್ಯಾರೇಜ್ ಕಷ್ಟಪಟ್ಟು ಸರಿಯುವಷ್ಟೇ ಬಿಗಿ ಮಾಡಿ. ಈಗ ಟೇಲ್‌ಸ್ಟಾಕ್ (ತುಂಡಿನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ಕಡೆಗೆ ತಿರುಗಿಸುತ್ತ ಹೋಗಿ. ಮಧ್ಯದಲ್ಲೇ ಕಚ್ಚಿಕೊಂಡು ನಿಂತರೆ ಚಕ್ ಪಕ್ಕದ ಬೆಡ್ ತಿಂದುಹೋಗಿದೆ. ಅದನ್ನು ಗ್ರೈಂಡಿಂಗ್ ಮಾಡಿಸುವ ಖರ್ಚು ಕೊಂಡ ಬೆಲೆಯನ್ನೇ ಮುಟ್ಟಬಹುದು.

ಮುಂದೆ, 25 ಮಿ.ಮೀ. ರಾಡನ್ನು 100 ಮಿ.ಮೀ. ಹೊರಗೆ ಬರುವಂತೆ ಚಕ್ಕಿಗೆ ಕಟ್ಟಿ, ಟೇಲ್‌ಸ್ಟಾಕ್ ಕೊಡದೆ, ಎರಡೂ ತುದಿಯಲ್ಲಿ ಒಂದೇ ಸೆಟ್ಟಿಂಗಿನಲ್ಲಿ ಸಣ್ಣ ಕಟ್ ಹಾಕಿಸಿ. ಮೈಕ್ರೋಮೀಟರಿನಲ್ಲಿ ಎರಡೂ ಕಡೆ ಅಳೆಯಿರಿ. ವ್ಯತ್ಯಾಸ 0.02 ಮಿ.ಮೀ. ಒಳಗಿದ್ದರೆ ಕಣ್ಣಿಗೊತ್ತಿಕೊಳ್ಳಿ. 0.1 ದಾಟಿದರೆ ಒಂದೋ ಬೆಡ್ ತಿರುಚಿ ಕೂತಿದೆ, ಇಲ್ಲವೇ ಹೆಡ್‌ಸ್ಟಾಕ್ (ಚಕ್ ತಿರುಗಿಸುವ ಭಾಗ) ಓರೆಯಾಗಿದೆ. ತಿರುಚು ಕಾಲಿನಡಿ ಶಿಮ್ (ತೆಳು ತಗಡು) ಕೊಟ್ಟರೆ ಸರಿಯಾಗುತ್ತದೆ, ಹೆಡ್‌ಸ್ಟಾಕ್ ಓರೆ ಅಷ್ಟು ಸುಲಭಕ್ಕೆ ಬಗ್ಗದು. ಅಲಗನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಹ್ಯಾಂಡಲ್ಲಿನ ಖಾಲಿ ತಿರುಗಾಟಕ್ಕೆ ಹೆದರಬೇಡಿ, ಅದರ ಒಳಗಿನ ನಟ್ ಹೊಸದು ಮಾಡಿಸಬಹುದು.

ಥ್ರೆಡ್ ಹಾಕಲು ಬದಲಿಸುವ ಚೇಂಜ್ ಗೇರುಗಳನ್ನು ಒಂದೊಂದಾಗಿ ಎಣಿಸಿಕೊಳ್ಳಿ. ಲೀಡ್ ಸ್ಕ್ರೂ (ಥ್ರೆಡ್ ಹಾಕುವಾಗ ಕ್ಯಾರೇಜ್ ಸರಿಸುವ ಉದ್ದನೆಯ ಸ್ಕ್ರೂ) ಇಂಚಿನದಾಗಿದ್ದರೆ ಮೆಟ್ರಿಕ್ ಥ್ರೆಡ್ ಕರಾರುವಾಕ್ಕಾಗಿ ಹಾಕಲು 127 ಹಲ್ಲಿನ ಗೇರ್ ಬೇಕು, ಏಕೆಂದರೆ ಒಂದು ಇಂಚು ಅಂದರೆ 25.4 ಮಿ.ಮೀ., ಅದರ ಐದು ಪಟ್ಟು 127. ಸಾಮಾನ್ಯವಾಗಿ ಕಾಣೆಯಾಗುವುದು ಇದೇ ಗೇರು. ನಾಲ್ಕು ಜಾ ಚಕ್, ಸ್ಟೆಡಿ (ಉದ್ದ ರಾಡಿಗೆ ಆಸರೆ), ಟೂಲ್ ಪೋಸ್ಟ್ (ಅಲಗು ಹಿಡಿಯುವ ಭಾಗ) ಇಲ್ಲದಿದ್ದರೆ ಅವುಗಳ ಬೆಲೆಯನ್ನು ಚೌಕಾಸಿಯಲ್ಲೇ ಕಳೆಯಿರಿ.

ಕರೆಂಟಿನ ತೊಡಕು ಉಳಿಯಿತು. ಹಳೇ ಲೇತಿನ ಮೋಟರು ಬಹುತೇಕ ತ್ರೀ ಫೇಸ್. 1 ಅಥವಾ 2 ಎಚ್‌ಪಿ ಆಗಿದ್ದರೆ ಸಿಂಗಲ್ ಫೇಸ್ ಒಳಬಂದು 230 ವೋಲ್ಟ್ ತ್ರೀ ಫೇಸ್ ಕೊಡುವ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿ ಓಡಿಸಬಹುದು. ಅದಕ್ಕೆ ಮೋಟರಿನ ಪ್ಲೇಟಿನ ಮೇಲೆ 415 ವೋಲ್ಟ್ ಸ್ಟಾರ್ ಎಂದಿರಬೇಕು (ಸ್ಟಾರ್, ಡೆಲ್ಟಾ ಎಂದರೆ ಮೋಟರಿನ ಒಳಸುರುಳಿಗಳನ್ನು ಜೋಡಿಸುವ ಎರಡು ರೀತಿ), ಡಬ್ಬಿಯಲ್ಲಿ ಆರು ವೈರು ಹೊರಬಂದಿರಬೇಕು. ಅದನ್ನು ಡೆಲ್ಟಾಕ್ಕೆ ಬದಲಿಸಿದರೆ 240 ವೋಲ್ಟಿಗೆ ಸರಿಹೋಗುತ್ತದೆ. ಮೂರೇ ವೈರಿದ್ದರೆ ವೈಂಡಿಂಗ್ ಅಂಗಡಿಯವರಿಂದ ಒಳಗಿನ ಸ್ಟಾರ್ ಗಂಟು ಬಿಚ್ಚಿಸಿ. 415 ಡೆಲ್ಟಾ ಎಂದು ಬರೆದಿದ್ದರೆ ಈ ಉಪಾಯ ನಡೆಯದು, ಸಿಂಗಲ್ ಫೇಸ್ ಮೋಟರನ್ನೇ ಕೂರಿಸಿ. ಯಾವುದಕ್ಕೂ ಮುಂಚೆ ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಅರ್ಥಿಂಗ್ ಗಟ್ಟಿಯಾಗಿರಲಿ.

ಮಿಲ್ಲಿಂಗ್ ಮಷಿನ್ (ತಿರುಗುವ ಕಟರಿನಿಂದ ಲೋಹ ಕೊರೆಯುವ ಯಂತ್ರ) ಈಗಲೇ ಬೇಡ. ಕೀ ವೇ (ಕೀಲು ಕೂರುವ ತೋಡು), ಸಣ್ಣ ಸ್ಲಾಟುಗಳನ್ನು ಲೇತಿನ ಕ್ರಾಸ್ ಸ್ಲೈಡ್ ಮೇಲೆ ತುಂಡನ್ನು ಮೇಲೆ ಕೆಳಗೆ ಸರಿಸುವ ವರ್ಟಿಕಲ್ ಸ್ಲೈಡ್ ಕೂರಿಸಿ ತೆಗೆಯಬಹುದು. ನಿಧಾನ ಆಗುತ್ತದೆ, ಅಷ್ಟೇ.

ಚಿತ್ರದುರ್ಗದ ಗಾಳಿ ಗೊತ್ತಲ್ಲ, ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವಂಥದ್ದು. ಅದು ಹೊತ್ತು ತರುವ ಕೆಂಪು ಧೂಳು ಎಣ್ಣೆ ಹಚ್ಚಿದ ಬೆಡ್ ಮೇಲೆ ಕೂತರೆ ಮಸೆಯುವ ಪೇಸ್ಟ್ ಆಗುತ್ತದೆ. ಹಾಗಾಗಿ ಕೆಲಸ ಶುರು ಮಾಡುವ ಮುಂಚೆಯೇ ಹಳೇ ಎಣ್ಣೆ ಒರೆಸಿ ಹೊಸದು ಸವರಿ. ರಾತ್ರಿ ದಪ್ಪ ಹತ್ತಿ ಬಟ್ಟೆ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಮಳೆಗಾಲದಲ್ಲಿ ಒಳಗೇ ತೇವ ಕಟ್ಟಿ ಚಕ್ಕಿಗೆ ತುಕ್ಕು ಹಿಡಿಯುತ್ತದೆ.