ಕ್ಯಾಸೆಟ್‌ನಿಂದ ಫೈಲ್‌ಗೆ: ಎಕ್ಸ್‌ಪೋರ್ಟ್ ಕೆಟ್ಟಾಗ ನಾನು ಎಲ್ಲಿ ಹುಡುಕುತ್ತೇನೆ

ಹಳೆಯ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ "ಎಕ್ಸ್‌ಪೋರ್ಟ್ ಮಾಡಿದ ಮೇಲೆ ಕೆಟ್ಟಿತು" ಅನ್ನಿಸುವ ಫೈಲುಗಳಲ್ಲಿ ಹೆಚ್ಚಿನವು ಅದಕ್ಕೂ ಮೊದಲೇ ಕೆಟ್ಟಿರುತ್ತವೆ. ಅದಕ್ಕೇ ಯಾವ ಸೆಟ್ಟಿಂಗನ್ನೂ ಮುಟ್ಟುವ ಮುಂಚೆ ಒಂದು ಪರೀಕ್ಷೆ ಮಾಡುತ್ತೇನೆ. ಫೈಲಿನಲ್ಲಿ ದೋಷ ಕೇಳಿಸಿದ ನಿಮಿಷ, ಸೆಕೆಂಡು ಬರೆದುಕೊಂಡು, ಪ್ರಾಜೆಕ್ಟಿನಲ್ಲಿ, ಅಂದರೆ ತಂತ್ರಾಂಶದೊಳಗಿನ ಮೂಲ ಕೆಲಸದಲ್ಲಿ, ಅದೇ ಜಾಗವನ್ನು ಅದೇ ಹೆಡ್‌ಫೋನಿನಲ್ಲಿ ಕೇಳುತ್ತೇನೆ. ಅಲ್ಲೂ ದೋಷವಿದ್ದರೆ ಅದು ಸಾಮಾನ್ಯವಾಗಿ ಡೆಕ್ಕಿನದೋ (ಕ್ಯಾಸೆಟ್ ಓಡಿಸುವ ಯಂತ್ರದ್ದೋ) ಕೇಬಲ್ಲಿನದೋ ರೆಕಾರ್ಡಿಂಗಿನದೋ ಆಗಿರುತ್ತದೆ. ಪ್ರಾಜೆಕ್ಟಿನಲ್ಲಿ ಸ್ವಚ್ಛವಾಗಿದ್ದು ಫೈಲಿನಲ್ಲಿ ಮಾತ್ರ ಕೆಟ್ಟಿದ್ದರೆ ಎಕ್ಸ್‌ಪೋರ್ಟ್ ಕಡೆ ನೋಡುತ್ತೇನೆ. ಈ ವಿಂಗಡಣೆ ಮಾಡದೆ ಎಂಪಿ3 ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾದ ಪ್ರಮಾಣ) ಏರಿಸುತ್ತಾ ಕುಳಿತರೆ ಎಷ್ಟು ಹೊತ್ತಾದರೂ ಫಲವಿಲ್ಲ.

ನಾನು ಬಳಸುವುದು ಆಡಾಸಿಟಿ. ಬೇರೆ ತಂತ್ರಾಂಶದಲ್ಲಿ ಮೆನುಗಳ ಹೆಸರು ಬೇರೆ ಇರಬಹುದು, ಕಾರಣಗಳು ಇವೇ.

ಮೊದಲಿಗೆ, ಪ್ರಾಜೆಕ್ಟನ್ನು ಸೇವ್ ಮಾಡುವುದೇ ಬೇರೆ, ಎಕ್ಸ್‌ಪೋರ್ಟ್ ಮಾಡುವುದು, ಅಂದರೆ ಪ್ಲೇಯರುಗಳು ಹಾಡಿಸಬಲ್ಲ ಆಡಿಯೊ ಫೈಲಾಗಿ ಬರೆಯುವುದೇ ಬೇರೆ. ಸೇವ್ ಮಾಡಿದಾಗ ಸಿಗುವ ಎ-ಯು-ಪಿ-3 ಫೈಲನ್ನು ಫೋನಾಗಲಿ ಕಾರಿನ ಪ್ಲೇಯರಾಗಲಿ ಹಾಡಿಸುವುದಿಲ್ಲ. ಅದು ಒಂದು ಡೇಟಾಬೇಸ್. ಹೆಸರಿನ ಕೊನೆಯನ್ನು ಎಂಪಿ3 ಎಂದು ತಿದ್ದಿದ ಮಾತ್ರಕ್ಕೆ ಆಡಿಯೊ ಆಗುವುದಿಲ್ಲ. ಇದನ್ನು ಕ್ಲೌಡ್‌ಗೆ ತಾನಾಗಿ ಸಿಂಕ್ ಆಗುವ ಫೋಲ್ಡರಿನಲ್ಲಿ ಅಥವಾ ಪೆನ್‌ಡ್ರೈವಿನಲ್ಲಿ ಇಟ್ಟು ಕೆಲಸ ಮಾಡಬಾರದು. ಬರೆಯುತ್ತಿರುವಾಗಲೇ ಇನ್ನೊಂದು ತಂತ್ರಾಂಶ ಅದನ್ನು ಹಿಡಿದರೆ ಪ್ರಾಜೆಕ್ಟೇ ತೆರೆಯದಂತಾಗಬಹುದು. ಕೆಲಸವೆಲ್ಲ ಒಳಗಿನ ಡಿಸ್ಕಿನಲ್ಲಿ ಆಗಲಿ, ಮುಗಿದ ಮೇಲೆ ನಕಲು ಮಾಡಿ.

ಡಿಸ್ಕಿನ ಜಾಗದ ಲೆಕ್ಕವನ್ನೂ ಮೊದಲೇ ಹಾಕಿ. 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೊ ವೇವ್ ಫೈಲ್ ನಿಮಿಷಕ್ಕೆ ಸುಮಾರು 10.6 ಎಂಬಿ ತಿನ್ನುತ್ತದೆ. ಸಿ-60 ಕ್ಯಾಸೆಟ್ಟಿನ ಎರಡೂ ಬದಿಗೆ 635 ಎಂಬಿ, ಸಿ-90ಕ್ಕೆ 950 ಎಂಬಿ. ಆಡಾಸಿಟಿ ಒಳಗೆ 32 ಬಿಟ್ ಫ್ಲೋಟ್ ಎಂಬ ದಶಮಾಂಶ ರೂಪದಲ್ಲಿ ಇಟ್ಟುಕೊಳ್ಳುವುದರಿಂದ ಪ್ರಾಜೆಕ್ಟಿನ ಗಾತ್ರ ಇದರ ಎರಡರಷ್ಟು. ಪೂರ್ತಿ ಟ್ರ್ಯಾಕಿನ ಮೇಲೆ ಒಂದು ಎಫೆಕ್ಟ್ ಓಡಿಸಿದಾಗಲೆಲ್ಲ ಅನ್‌ಡೂ ಮಾಡಲು ಹಳೆಯ ಪ್ರತಿ ಉಳಿದುಕೊಳ್ಳುತ್ತದೆ. ಸಿ-60ಕ್ಕೆ ಮೂರು ಎಫೆಕ್ಟ್ ಹಾಕಿದರೆ 5 ಜಿಬಿ ಹೋಯಿತು. ಎಕ್ಸ್‌ಪೋರ್ಟ್ ಅರ್ಧದಲ್ಲಿ ನಿಂತು ಅರ್ಥವಾಗದ ಸಂದೇಶ ಬಂದರೆ ನಾನು ಮೊದಲು ನೋಡುವುದು ಖಾಲಿ ಜಾಗವನ್ನೇ.

ಗಾತ್ರಕ್ಕೆ ಇನ್ನೊಂದು ಮಿತಿಯಿದೆ. ಸಾಮಾನ್ಯ ವೇವ್ ಫೈಲಿನ ತಲೆಬರಹದಲ್ಲಿ ಗಾತ್ರ ಬರೆಯಲು ಇರುವ ಜಾಗ 32 ಬಿಟ್ ಮಾತ್ರ, ಆದ್ದರಿಂದ 4 ಜಿಬಿ ದಾಟುವಂತಿಲ್ಲ. ಕೆಲವು ಹಳೆಯ ಪ್ಲೇಯರುಗಳು 2 ಜಿಬಿಗೇ ಮುಗ್ಗರಿಸುತ್ತವೆ. 44.1 ಕಿಲೋಹರ್ಟ್ಸ್, 32 ಬಿಟ್ ಫ್ಲೋಟ್ ಸ್ಟೀರಿಯೊದಲ್ಲಿ 3 ಗಂಟೆ 22 ನಿಮಿಷಕ್ಕೆ 4 ಜಿಬಿ ತುಂಬುತ್ತದೆ. ಹಲವು ಕ್ಯಾಸೆಟ್ಟುಗಳನ್ನು ಒಂದೇ ಪ್ರಾಜೆಕ್ಟಿಗೆ ಸುರಿದವರಿಗೆ ಈ ಗೋಡೆ ಸಿಗುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೂ ಮಿತಿ ಅಷ್ಟೇ. ಒಂದು ಬದಿಗೆ ಒಂದು ಪ್ರಾಜೆಕ್ಟ್ ಎಂದು ಇಟ್ಟುಕೊಂಡರೆ ಇದು ಯಾವುದೂ ಕಾಡುವುದಿಲ್ಲ.

ಇನ್ನು ಒಡೆದ ಧ್ವನಿ. ಇಲ್ಲಿ ನಿಜಕ್ಕೂ ಎಕ್ಸ್‌ಪೋರ್ಟಿನಲ್ಲೇ ಹುಟ್ಟುವ ದೋಷವೊಂದಿದೆ. 32 ಬಿಟ್ ಫ್ಲೋಟ್‌ನಲ್ಲಿ ಧ್ವನಿ 0 ಡೆಸಿಬೆಲ್ (ಡಿಜಿಟಲ್ ಮಟ್ಟದ ಗರಿಷ್ಠ ಮಿತಿ) ದಾಟಿದರೂ ಅಲೆಯ ಆಕಾರ ಉಳಿದಿರುತ್ತದೆ. 16 ಬಿಟ್‌ಗೆ ಇಳಿಸುವಾಗ ದಾಟಿದ ತುದಿಗಳೆಲ್ಲ ಕತ್ತರಿಸಿಹೋಗುತ್ತವೆ. ಬಾಸ್ ಏರಿಸಿದ ಮೇಲೆ ಅಥವಾ ಎರಡು ಟ್ರ್ಯಾಕ್ ಒಂದರ ಮೇಲೊಂದು ಇದ್ದಾಗ ಹೀಗಾಗುತ್ತದೆ. ಎಕ್ಸ್‌ಪೋರ್ಟ್ ಎಲ್ಲ ಟ್ರ್ಯಾಕುಗಳನ್ನೂ ಕೂಡಿಸಿಯೇ ಬರೆಯುತ್ತದೆ, ಮ್ಯೂಟ್ ಮಾಡಿದ್ದನ್ನು ಮಾತ್ರ ಬಿಡುತ್ತದೆ. ಮೂಲ ಪ್ರತಿಯನ್ನು ಡೂಪ್ಲಿಕೇಟ್ ಮಾಡಿ ಕೆಳಗೆ ಇಟ್ಟುಕೊಂಡು ಅದನ್ನು ಮ್ಯೂಟ್ ಮಾಡಲು ಮರೆತರೆ ಎರಡೂ ಸೇರಿ ಮಟ್ಟ ಸುಮಾರು 6 ಡೆಸಿಬೆಲ್ ಏರುತ್ತದೆ, ಧ್ವನಿ ಒಡೆಯುತ್ತದೆ. ಕೊನೆಯ ಹೆಜ್ಜೆಯಾಗಿ ನಾರ್ಮಲೈಸ್ ಮಾಡಿ (ಅತಿ ಎತ್ತರದ ತುದಿಯನ್ನು ಗೊತ್ತುಮಾಡಿದ ಮಟ್ಟಕ್ಕೆ ತಂದು) ವೇವ್‌ಗೆ ಮೈನಸ್ 1, ಎಂಪಿ3ಗೆ ಮೈನಸ್ 2 ಡೆಸಿಬೆಲ್ ಇಡುತ್ತೇನೆ. ಎಂಪಿ3ಯನ್ನು ಹಾಡಿಸಲು ಅಲೆಯನ್ನು ಮತ್ತೆ ಕಟ್ಟುವಾಗ ತುದಿಗಳು ಮೂಲಕ್ಕಿಂತ ತುಸು ಮೇಲೇಳುತ್ತವೆ, ಅದಕ್ಕೆ ಈ ಜಾಗ.

ಅಲೆಯ ನೆತ್ತಿ ಪ್ರಾಜೆಕ್ಟಿನಲ್ಲೇ ಚಪ್ಪಟೆಯಾಗಿದ್ದರೆ ಎಕ್ಸ್‌ಪೋರ್ಟನ್ನು ದೂರಿ ಪ್ರಯೋಜನವಿಲ್ಲ. ಮತ್ತೆ ರೆಕಾರ್ಡ್ ಮಾಡಿ, ಮೀಟರಿನ ಅತಿ ಜೋರಾದ ಜಾಗ ಮೈನಸ್ 6ರಿಂದ ಮೈನಸ್ 12 ಡೆಸಿಬೆಲ್ ನಡುವೆ ಇರಲಿ. ಇನ್ನೂ ಜೋರಾಗಿ ಹಿಡಿದು ಗಳಿಸುವುದೇನೂ ಇಲ್ಲ. ಸಾಧಾರಣ ಕ್ಯಾಸೆಟ್ಟಿನ ಧ್ವನಿಗೂ ಅದರ ಹಿಸ್‌ಗೂ (ಟೇಪಿನದೇ ಆದ 'ಸ್ಸ್' ಸದ್ದಿಗೂ) ನಡುವಿನ ಅಂತರವೇ ಸುಮಾರು 50 ಡೆಸಿಬೆಲ್, 16 ಬಿಟ್‌ನಲ್ಲಿ 96 ಇದೆ. ಡೆಕ್ಕಿನ ಲೈನ್ ಔಟನ್ನು ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಚಿದರೆ ಮಾತ್ರ ಮೀಟರ್ ಕೆಳಗಿದ್ದರೂ ಧ್ವನಿ ಒಡೆಯುತ್ತದೆ, ಏಕೆಂದರೆ ಒಡೆಯುವುದು ಮೀಟರಿಗೂ ಮುಂಚಿನ ಮೈಕ್ ಆಂಪ್ಲಿಫೈಯರಿನಲ್ಲಿ. ಲೈನ್ ಇನ್ ಇರುವ ಯುಎಸ್‌ಬಿ ಇಂಟರ್‌ಫೇಸ್ (ಧ್ವನಿಯನ್ನು ಕಂಪ್ಯೂಟರಿಗೆ ಒಯ್ಯುವ ಹೊರಗಿನ ಪೆಟ್ಟಿಗೆ) ಇದಕ್ಕೆ ಸರಿಯಾದ ದಾರಿ. ವಿಂಡೋಸ್‌ನಲ್ಲಿ ಆ ಇನ್‌ಪುಟ್ಟಿನ ಎನ್‌ಹಾನ್ಸ್‌ಮೆಂಟ್‌ಗಳನ್ನೆಲ್ಲ ಆರಿಸಿ. ಮಾತಿಗೆಂದು ಮಾಡಿದ ನಾಯ್ಸ್ ಸಪ್ರೆಶನ್ ಸಂಗೀತದ ದೀರ್ಘ ಸ್ವರವನ್ನು ಗದ್ದಲವೆಂದು ತಿಳಿದು ಅದುಮಿಬಿಡುತ್ತದೆ.

ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಮಾಯವಾಗುವ ಧ್ವನಿ. ಸ್ಟೀರಿಯೊ ಹೆಡ್‌ಫೋನಿನಲ್ಲಿ ಕೇಳುತ್ತದೆ, ಮೋನೊ ಮಾಡಿ ಎಕ್ಸ್‌ಪೋರ್ಟ್ ಮಾಡಿದರೆ ಹಾಡುವವರ ದನಿಯೇ ಇಲ್ಲ. ಎಡ ಬಲ ಚಾನೆಲ್‌ಗಳಲ್ಲಿ ಒಂದು ತಲೆಕೆಳಗಾಗಿರುವುದೇ ಕಾರಣ. ಕೂಡಿಸಿದಾಗ ನಡುವೆ ಇರುವ ಧ್ವನಿ ಒಂದನ್ನೊಂದು ಅಳಿಸುತ್ತದೆ. ಹತ್ತಿರದಿಂದ ಹಿಗ್ಗಿಸಿ ನೋಡಿದರೆ ಒಂದು ಚಾನೆಲ್ಲಿನಲ್ಲಿ ಅಲೆ ಏರುವಾಗ ಇನ್ನೊಂದರಲ್ಲಿ ಇಳಿಯುವುದು ಕಾಣುತ್ತದೆ. ಸ್ಟೀರಿಯೊ ಟ್ರ್ಯಾಕನ್ನು ಒಡೆದು, ಒಂದನ್ನು ಇನ್ವರ್ಟ್ ಮಾಡಿ, ಮತ್ತೆ ಜೋಡಿಸಿದರೆ ಸರಿಯಾಗುತ್ತದೆ.

ಇದರ ಇನ್ನೊಂದು ರೂಪಕ್ಕೆ ಮದ್ದಿಲ್ಲ. ಡೆಕ್ಕಿನ ಹೆಡ್‌ಫೋನ್ ತೂತಿನಿಂದ ಸ್ಟೀರಿಯೊ ಪಿನ್ ತೆಗೆದುಕೊಂಡು ಇಂಟರ್‌ಫೇಸಿನ ಒಂದೇ 6.35 ಎಂಎಂ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಚುಚ್ಚಿದರೆ ಇಂಟರ್‌ಫೇಸ್ ಎಡದಿಂದ ಬಲವನ್ನು ಕಳೆದು ಉಳಿದದ್ದನ್ನು ಮಾತ್ರ ಹಿಡಿಯುತ್ತದೆ. ಮೋನೊ ಕ್ಯಾಸೆಟ್ಟಾದರೆ ಉಳಿಯುವುದು ಹಿಸ್ ಮತ್ತು ತೆಳುವಾದ ನೆರಳಿನಂಥ ಸದ್ದು. ಕಳೆದುಹೋದದ್ದನ್ನು ಯಾವ ಎಫೆಕ್ಟೂ ಮರಳಿ ತರುವುದಿಲ್ಲ. ಒಂದು ತುದಿಯಲ್ಲಿ 3.5 ಎಂಎಂ ಸ್ಟೀರಿಯೊ ಅಥವಾ ಆರ್‌ಸಿಎ ಜೋಡಿ, ಇನ್ನೊಂದು ತುದಿಯಲ್ಲಿ ಎರಡು ಬಿಡಿ ಮೋನೊ ಪಿನ್ ಇರುವ ಕೇಬಲ್ ತಂದು ಎರಡು ಇನ್‌ಪುಟ್ಟಿಗೆ ಹಾಕಿ ಮತ್ತೆ ರೆಕಾರ್ಡ್ ಮಾಡಬೇಕು.

ಮೋನೊ ಕ್ಯಾಸೆಟ್ಟನ್ನು ಸ್ಟೀರಿಯೊ ಡೆಕ್ಕಿನಲ್ಲಿ ಓಡಿಸಿದ್ದರೆ ಎರಡು ಚಾನೆಲ್ಲನ್ನು ಕೂಡಿಸುವುದಕ್ಕಿಂತ ಸ್ವಚ್ಛವಾಗಿರುವ ಒಂದನ್ನೇ ಉಳಿಸುವುದು ಒಳ್ಳೆಯದು ಎಂಬುದು ನನ್ನ ನಿಲುವು. ಹೆಡ್ಡಿನ ಅಜಿಮತ್, ಅಂದರೆ ಟೇಪಿಗೆ ಹೆಡ್ ನಿಂತ ಕೋನ, ತುಸು ಓರೆಯಾಗಿದ್ದರೂ ಒಂದು ಚಾನೆಲ್ ಇನ್ನೊಂದಕ್ಕಿಂತ ಕೂದಲೆಳೆ ತಡವಾಗಿ ಬರುತ್ತದೆ. ಕೂಡಿಸಿದರೆ ಸ, ಶ ಅಕ್ಷರಗಳ ಚೂಪೆಲ್ಲ ಹೋಗಿ ಮಾತು ಕಂಬಳಿಯ ಒಳಗಿನಿಂದ ಬಂದಂತಾಗುತ್ತದೆ. ಎರಡು ಚಾನೆಲ್ಲಿನ ಹಿಸ್ ಸೇರಿದಾಗ ಸರಾಸರಿಯಾಗಿ ಸ್ವಲ್ಪ ತಗ್ಗುವ ಲಾಭ ಅಜಿಮತ್ ನಿಖರವಾಗಿದ್ದಾಗ ಮಾತ್ರ ದಕ್ಕುತ್ತದೆ.

ವೇಗ ತಪ್ಪಿದೆ ಎಂದಾಗ ಎಷ್ಟು ತಪ್ಪಿದೆ ಎಂದು ಅಳೆಯಿರಿ. ಧ್ವನಿ ಸುಮಾರು ಒಂದೂವರೆ ಸ್ವರಸ್ಥಾನ ಕೆಳಗಿಳಿದು, 60 ನಿಮಿಷದ್ದು 65 ನಿಮಿಷ 18 ಸೆಕೆಂಡಾಗಿದ್ದರೆ ಅದು ಸೆಕೆಂಡಿಗೆ 48,000 ಮಾದರಿಯಂತೆ ಹಿಡಿದ ಆಡಿಯೊವನ್ನು 44,100 ಎಂದು ಓದಿದ ಲಕ್ಷಣ. ಟ್ರ್ಯಾಕಿನ ಮೆನುವಿನಲ್ಲಿ ರೇಟ್ 48,000 ಎಂದು ಬದಲಿಸಿದರೆ ಸಾಕು, ಗುಣಮಟ್ಟ ಚೂರೂ ಕಡಿಮೆಯಾಗುವುದಿಲ್ಲ. ವಿಂಡೋಸ್‌ನಲ್ಲಿ ಇಂಟರ್‌ಫೇಸಿನ ರೇಟ್, ಪ್ರಾಜೆಕ್ಟಿನ ರೇಟ್, ಎಕ್ಸ್‌ಪೋರ್ಟ್ ರೇಟ್ ಮೂರನ್ನೂ ಒಂದೇ ಇಟ್ಟರೆ ಇದು ಹತ್ತಿರವೂ ಸುಳಿಯುವುದಿಲ್ಲ.

ಒಂದರಿಂದ ಮೂರು ಶೇಕಡಾ ವ್ಯತ್ಯಾಸವಾದರೆ ಅದು ಡೆಕ್ಕಿನ ಬೆಲ್ಟ್ ಅಥವಾ ಮೋಟಾರಿನ ಕೆಲಸ, ಇಲ್ಲವೆ ಮೊದಲು ರೆಕಾರ್ಡ್ ಮಾಡಿದ ಯಂತ್ರದ್ದು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು. ಹಾಡಿನ ಶ್ರುತಿ ಗೊತ್ತಿಲ್ಲದಿದ್ದಾಗ ನಾನು ನಂಬುವುದು ಕರೆಂಟಿನ ಗುಂಯ್‌ಗುಡುವಿಕೆಯನ್ನು. 50 ಹರ್ಟ್ಸ್ ವಿದ್ಯುತ್ ಇರುವ ಕಡೆ ರೆಕಾರ್ಡ್ ಆದ ಟೇಪಿನಲ್ಲಿ 50, 100, 150 ಹರ್ಟ್ಸ್‌ನ ಗೆರೆಗಳು ಸಾಮಾನ್ಯವಾಗಿ ಅಡಗಿರುತ್ತವೆ. ಯಾರೂ ಮಾತಾಡದ ಜಾಗ ಆರಿಸಿ, ಯಾವ ಆವರ್ತನ ಎಷ್ಟಿದೆ ಎಂದು ತೋರಿಸುವ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ಗಾತ್ರ 65536 ಇಟ್ಟು ನೋಡಿ. 150ರ ಬದಲು 154.5ರಲ್ಲಿ ಗೆರೆ ಇದ್ದರೆ ಟೇಪ್ 3 ಶೇಕಡಾ ಜೋರಾಗಿ ಓಡಿದೆ. ಚೇಂಜ್ ಸ್ಪೀಡ್‌ನಲ್ಲಿ ಮೈನಸ್ 2.91 ಕೊಡಿ. ನಿಖರವಾಗಿ 150ರಲ್ಲಿ ಇನ್ನೊಂದು ಗೆರೆ ಕಂಡರೆ ಅದು ಈಗ ಓಡಿಸುತ್ತಿರುವ ಡೆಕ್ಕಿನದು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

ಎಂಪಿ3ಯಲ್ಲಿ ನೀರಿನ ಗುಳುಗುಳು ಕೇಳಿಸುವುದು ಹಿಸ್ ಕಾರಣದಿಂದ. ಹಿಸ್ ಎಂದರೆ ಎಲ್ಲ ಆವರ್ತನಗಳಲ್ಲೂ ಹರಡಿದ, ಕ್ಷಣಕ್ಷಣ ಬದಲಾಗುವ ಸದ್ದು. ಎನ್‌ಕೋಡರಿಗೆ ಅದನ್ನು ಅಡಕಗೊಳಿಸುವುದೇ ಕಷ್ಟ, ಇರುವ ಬಿಟ್‌ಗಳನ್ನೆಲ್ಲ ಅದಕ್ಕೇ ಚೆಲ್ಲುತ್ತದೆ. ಸ್ವಚ್ಛ ಸ್ಟುಡಿಯೊ ಮಾತಿಗೆ ಸಾಲುವ 64 ಕೆಬಿಪಿಎಸ್ ಹಿಸ್ ತುಂಬಿದ ಕ್ಯಾಸೆಟ್ಟಿಗೆ ಸಾಲದು. ಮೋನೊ ಮಾತಿಗೆ 96, ಸ್ಟೀರಿಯೊ ಸಂಗೀತಕ್ಕೆ 192 ಅಥವಾ ಅದಕ್ಕಿಂತ ಮೇಲೆ ಇಡುತ್ತೇನೆ. 192ರಲ್ಲಿ ಒಂದು ಗಂಟೆಗೆ 86 ಎಂಬಿ. ನಾಯ್ಸ್ ರಿಡಕ್ಷನ್ ಬೇಕಿದ್ದರೆ ಎಂಪಿ3 ಮಾಡುವ ಮೊದಲೇ, 6ರಿಂದ 9 ಡೆಸಿಬೆಲ್‌ನಷ್ಟು ಮಾತ್ರ. ಹೆಚ್ಚು ಒತ್ತಿದರೆ ಅದೂ ಗುಳುಗುಳು ಸೇರಿಸುತ್ತದೆ. ಹಳೆಯ ಪ್ಲೇಯರಿನಲ್ಲಿ ಹಾಡಿನ ಅವಧಿ ತಪ್ಪಾಗಿ ತೋರಿಸಿದರೆ ವೇರಿಯಬಲ್ ಬಿಟ್‌ರೇಟ್ ಬಿಟ್ಟು ಕಾನ್‌ಸ್ಟಂಟ್ ಆರಿಸಿ. ಫೈಲ್ ತೆರೆಯುವುದೇ ಇಲ್ಲವೆಂದರೆ 32 ಬಿಟ್ ಫ್ಲೋಟ್ ಅಥವಾ 24 ಬಿಟ್ ವೇವ್ ಕೊಟ್ಟಿರಬಹುದು. 16 ಬಿಟ್‌ನಲ್ಲಿ ಕೊಡಿ.

ಎಂಪಿ3ಯನ್ನು ಮೂಲವಾಗಿ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಟೇಪಿನ ಕಾಂತೀಯ ಪದರ ಉದುರುತ್ತಿದ್ದರೆ ಇನ್ನೊಮ್ಮೆ ಓಡಿಸುವ ಅವಕಾಶವೇ ಸಿಗದಿರಬಹುದು. ಏನೂ ತಿದ್ದದ ರೆಕಾರ್ಡಿಂಗನ್ನು ಮೊದಲು 24 ಬಿಟ್ ಫ್ಲ್ಯಾಕ್ (ಗುಣಮಟ್ಟ ಕಳೆಯದೆ ಅಡಕಗೊಳಿಸುವ ಮಾದರಿ) ಆಗಿ ಎಕ್ಸ್‌ಪೋರ್ಟ್ ಮಾಡಿ ಎರಡು ಬೇರೆ ಡಿಸ್ಕಿನಲ್ಲಿ ಇಡಿ. ಆ ಫೈಲ್ ಸರಿಯಿದೆಯೇ ಎಂದು ತಿಳಿಯಲು ಅದನ್ನೇ ಪ್ರಾಜೆಕ್ಟಿಗೆ ಇಂಪೋರ್ಟ್ ಮಾಡಿ, ಇನ್ವರ್ಟ್ ಮಾಡಿ, ಮೂಲದ ಜೊತೆ ಹಾಡಿಸಿ. ಎರಡೂ ಒಂದೇ ಆಗಿದ್ದರೆ ಮೌನ ಉಳಿಯಬೇಕು. ಎಂಪಿ3ಗೆ ಈ ಪರೀಕ್ಷೆ ಒಗ್ಗದು, ಅಲ್ಲಿ ಶೇಷ ಉಳಿದೇ ಉಳಿಯುತ್ತದೆ.

ರೆಕಾರ್ಡರ್ ತಂತ್ರಾಂಶ ನಡುವೆ ಮುಚ್ಚಿಹೋಗಿ ವೇವ್ ಫೈಲಿನ ಅವಧಿ ಸೊನ್ನೆ ತೋರಿಸುತ್ತಿದ್ದರೆ ಅಳಿಸಬೇಡಿ. ಫೈಲಿನ ಗಾತ್ರ ದೊಡ್ಡದಿದ್ದರೆ ಆಡಿಯೊ ಒಳಗಿದೆ, ತಲೆಬರಹ ಮಾತ್ರ ಅಪೂರ್ಣ. ಮೊದಲು ನಕಲು ಮಾಡಿಕೊಳ್ಳಿ. ಇಂಪೋರ್ಟ್ ಮೆನುವಿನಲ್ಲಿ ರಾ ಡೇಟಾ ಆರಿಸಿ, ಸೈನ್ಡ್ 16 ಬಿಟ್, ಲಿಟಲ್ ಎಂಡಿಯನ್, ಸ್ಟೀರಿಯೊ, 44,100, ಆಫ್‌ಸೆಟ್ (ಮೊದಲಲ್ಲಿ ಬಿಟ್ಟುಬಿಡಬೇಕಾದ ತಲೆಬರಹದ ಅಳತೆ) 44 ಬೈಟ್ ಕೊಡಿ. ರೆಕಾರ್ಡ್ ಮಾಡಿದ್ದು 24 ಬಿಟ್‌ನಲ್ಲಾದರೆ ಇಲ್ಲೂ ಅದನ್ನೇ ಕೊಡಿ. ಬರೀ ಭೋರ್ಗರೆತ ಬಂದರೆ ಆಫ್‌ಸೆಟ್ಟನ್ನು ಒಂದೊಂದೇ ಬೈಟ್ ಹೆಚ್ಚಿಸುತ್ತಾ ಹೋಗಿ, ಕೆಲವೇ ಸಲದಲ್ಲಿ ಧ್ವನಿ ತೆರೆದುಕೊಳ್ಳುತ್ತದೆ. ಎಡ ಬಲ ಅದಲುಬದಲಾಗಿ ಬಂದರೆ 16 ಬಿಟ್‌ಗೆ 2, 24 ಬಿಟ್‌ಗೆ 3 ಬೈಟ್ ಸರಿಸಿ.

ಒಂದು ಬದಿಯನ್ನು ಹಾಡು ಹಾಡಾಗಿ ಒಡೆಯಲು ಲೇಬಲ್ ಹಾಕಿ ಮಲ್ಟಿಪಲ್ ಫೈಲ್ಸ್ ಆಯ್ಕೆ ಬಳಸುತ್ತೇನೆ. ಲೇಬಲ್ಲಿನಲ್ಲಿ ಓರೆಗೆರೆ, ಕೋಲನ್, ಪ್ರಶ್ನಾರ್ಥಕ ಚಿಹ್ನೆ ಬೇಡ, ಫೈಲ್ ಹೆಸರಿಗೆ ಅವು ಆಗಿಬರುವುದಿಲ್ಲ. ದಿನಾಂಕ ಬರೆಯುವಾಗ ಅಡ್ಡಗೆರೆ ಹಾಕಿ. ಹೆಸರಿನ ಮುಂದೆ 01, 02 ಎಂದು ಎರಡಂಕಿ ಇರಲಿ, ಇಲ್ಲದಿದ್ದರೆ ಕೆಲವು ಪ್ಲೇಯರುಗಳು 1ರ ಹಿಂದೆಯೇ 10ನ್ನು ಹಾಡಿಸುತ್ತವೆ. ಎಂಪಿ3 ಎನ್‌ಕೋಡರ್ ಪ್ರತಿ ಫೈಲಿನ ಆರಂಭಕ್ಕೂ ಚೂರು ಮೌನ ಸೇರಿಸುತ್ತದೆ. ಆಲಾಪನೆಯಿಂದ ಕೃತಿಗೆ ನಿಲ್ಲದೆ ಸಾಗುವ ಕಛೇರಿಯಲ್ಲಿ ಆ ಬಿರುಕು ಕೇಳಿಸುತ್ತದೆ. ಅಂಥದ್ದನ್ನು ಒಡೆಯದೆ ಒಂದೇ ಫೈಲಾಗಿ ಇಡುತ್ತೇನೆ, ಒಡೆಯಲೇಬೇಕಿದ್ದರೆ ಫ್ಲ್ಯಾಕ್‌ನಲ್ಲಿ ಕೊಡುತ್ತೇನೆ.