ಎಫ್/11ರ ಚಟ ಬಿಟ್ಟ ಕಥೆ

ದೊಡ್ಡ ಕ್ಯಾಮೆರಾದಲ್ಲಿ ವರ್ಷಗಟ್ಟಲೆ ಫೋಟೊ ತೆಗೆದವರಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಬಿಸಿಲು ಚೆನ್ನಾಗಿದ್ದರೆ ಬೆರಳು ತಾನಾಗಿ ಎಫ್/11ಕ್ಕೆ ಹೋಗುತ್ತದೆ. ಕಾಲ ಬಳಿಯ ಕಲ್ಲಿನಿಂದ ದೂರದ ಬೆಟ್ಟದವರೆಗೆ ಎಲ್ಲವೂ ಸ್ಪಷ್ಟ ಬರಲಿ ಅಂತ. ಎಫ್ ಸಂಖ್ಯೆ ಅಂದರೆ ಲೆನ್ಸ್‌ನಲ್ಲಿ ಬೆಳಕು ನುಗ್ಗುವ ಕಿಂಡಿಯ ಅಳತೆ; ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಸಣ್ಣದು, ಸ್ಪಷ್ಟವಾಗಿ ಕಾಣುವ ಆಳ ಜಾಸ್ತಿ. ನನಗೂ ಅದೇ ಚಟ. ಬೆನ್ನುನೋವು ಜಾಸ್ತಿಯಾದ ಮೇಲೆ ಜೇಬಿನಲ್ಲಿ ಹಿಡಿಸುವ ಒಂದಿಂಚು ಸೆನ್ಸರ್‌ನ (ಬೆಳಕು ಹಿಡಿಯುವ ಚಿಪ್‌ನ) ಕ್ಯಾಮೆರಾ ತಗೊಂಡೆ. ಹೆಸರಿಗಷ್ಟೇ ಒಂದಿಂಚು, ಅಳೆದರೆ 13.2 × 8.8 ಮಿಲಿಮೀಟರ್! ಕ್ಯಾಮೆರಾ ಬದಲಾಯಿತು, ಬೆರಳು ಬದಲಾಗಲಿಲ್ಲ.

ಅದನ್ನು ಹಿಡಿದು ಹಳೇಬೀಡಿಗೆ ಹೋದೆ. ಹೊಯ್ಸಳೇಶ್ವರ ಗುಡಿಯ ಗೋಡೆಯ ಕುಸುರಿ ಗೊತ್ತಲ್ಲ, ವಿಗ್ರಹದ ಕೊರಳಲ್ಲಿ ಒಂದೊಂದು ಮಣಿಯನ್ನೂ ಎಣಿಸಬಹುದು. ಬೆಳಗ್ಗೆಯೆಲ್ಲ ಎಫ್/11ರಲ್ಲೇ ತೆಗೆದೆ. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಹಿಗ್ಗಿಸಿ ನೋಡಿದರೆ ಮಣಿಸರ ಹೋಗಿ ಹಗ್ಗ ಆಗಿತ್ತು.

ಕೈ ಅಲುಗಿರಬೇಕು ಅಂದುಕೊಂಡೆ. ಆದರೆ ಶಟರ್ ಸೆಕೆಂಡಿನ 1/250 ಇತ್ತು, ಅಲುಗಿದ್ದು ಕಾಣದಷ್ಟು ವೇಗ. ಫೋಕಸ್ ತಪ್ಪಿದ್ದರೆ ಹಿಂದೆಯೋ ಮುಂದೆಯೋ ಎಲ್ಲಾದರೂ ಒಂದು ಕಡೆ ಚೂಪಾಗಿ ಇರಬೇಕಿತ್ತು. ಇಲ್ಲಿ ಇಡೀ ಚಿತ್ರವೇ ಒಂದೇ ಸಮ ಮಂಕು.

ಕೊನೆಗೆ ಪತ್ರಿಕೆಯ ಸಣ್ಣ ಜಾಹೀರಾತಿನ ಪುಟವನ್ನು ಗೋಡೆಗೆ ಅಂಟಿಸಿದೆ. ಕ್ಯಾಮೆರಾ ಟ್ರೈಪಾಡ್ ಮೇಲೆ, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 125, ಎರಡು ಸೆಕೆಂಡಿನ ಟೈಮರ್. ಅಕ್ಷರಗಳು ಕಷ್ಟಪಟ್ಟು ಓದುವಷ್ಟು ಸಣ್ಣಗೆ ಬರಲಿ ಅಂತ ಸಾಕಷ್ಟು ದೂರ ಇಟ್ಟೆ. ಈ ಪರೀಕ್ಷೆಗೆ ಕನ್ನಡ ಲಿಪಿಯಷ್ಟು ಒಳ್ಳೆಯದು ಬೇರೆ ಇಲ್ಲ ನೋಡಿ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಕೆಳಗಿನ ಒಂದು ಪುಟ್ಟ ಸೀಳು ಮಾತ್ರ. ಎಫ್/1.8ರಲ್ಲಿ ನಡುವೆ ಚೆನ್ನಾಗಿತ್ತು, ಮೂಲೆಗಳು ಸ್ವಲ್ಪ ಮೆತ್ತಗೆ. ಎಫ್/4ರಲ್ಲಿ ಮೂಲೆವರೆಗೂ ಸೀಳು ಕಂಡಿತು. 5.6ರಲ್ಲೂ ಪರವಾಗಿಲ್ಲ. 8ಕ್ಕೆ ಬಂದಾಗ ಊಹೆ ಮಾಡಿ ಓದಬೇಕಾಯಿತು. 11ರಲ್ಲಿ ಸಾಲದ ಜಾಹೀರಾತಿನ ‘ಧನಸಹಾಯ’ ಸಲೀಸಾಗಿ ‘ದನಸಹಾಯ’ ಆಗಿತ್ತು.

ಇದು ಡಿಫ್ರಾಕ್ಷನ್ ಕೆಲಸ. ಸಣ್ಣ ಕಿಂಡಿಯಲ್ಲಿ ನುಗ್ಗಿದ ಬೆಳಕು ಹರಡಿಕೊಳ್ಳುತ್ತದೆ, ಚುಕ್ಕಿ ಚುಕ್ಕಿಯಾಗಿ ಉಳಿಯದೆ ಪುಟ್ಟ ಬಿಲ್ಲೆ ಆಗುತ್ತದೆ. ಇಂಗ್ಲೆಂಡಿನ ಖಗೋಳವಿಜ್ಞಾನಿ ಜಾರ್ಜ್ ಏರಿ 1835ರಲ್ಲೇ ಇದರ ಲೆಕ್ಕ ಕೊಟ್ಟಿದ್ದಾರೆ. ಹಸಿರು ಬೆಳಕಿಗೆ ಎಫ್ ಸಂಖ್ಯೆಯನ್ನು 1.34ರಿಂದ ಗುಣಿಸಿದರೆ ಬಿಲ್ಲೆಯ ಅಗಲ ಮೈಕ್ರಾನ್‌ನಲ್ಲಿ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ) ಸಿಗುತ್ತದೆ. ಎಫ್/11ಕ್ಕೆ ಸುಮಾರು 15. ನನ್ನ 20 ಮೆಗಾಪಿಕ್ಸೆಲ್ ಸೆನ್ಸರ್‌ನ ಒಂದು ಪಿಕ್ಸೆಲ್ 2.4 ಮೈಕ್ರಾನ್. ಅಂದರೆ ಒಂದು ಚುಕ್ಕಿ ಆರು ಪಿಕ್ಸೆಲ್ ಅಗಲಕ್ಕೆ ಕಾಲು ಚಾಚಿ ಕೂರುತ್ತದೆ. ನನ್ನ ಹಳೆಯ ದೊಡ್ಡ ಕ್ಯಾಮೆರಾ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್, ಅಂದರೆ 36 × 24 ಮಿಲಿಮೀಟರ್ ಸೆನ್ಸರ್‌ನದು. ಅದರಲ್ಲಿ ಪಿಕ್ಸೆಲ್ಲೇ ಸುಮಾರು 6 ಮೈಕ್ರಾನ್ ಇತ್ತು. ಅದೇ ಬಿಲ್ಲೆ ಅಲ್ಲಿ ಎರಡೂವರೆ ಪಿಕ್ಸೆಲ್ ಅಷ್ಟೇ. ಅದಕ್ಕೇ ಅದು ಯಾವತ್ತೂ ತಕರಾರು ಮಾಡಿರಲಿಲ್ಲ.

ಎಫ್/4ಕ್ಕೆ ಇಳಿದರೆ ಹಿಂದೆ ಮುಂದೆ ಮಸುಕಾಗುತ್ತೆ ಅನ್ನೋ ಭಯ ನನಗಿತ್ತು. ಸುಮ್ನೆ ಭಯ. ಒಂದೇ ಜಾಗದಲ್ಲಿ ನಿಂತು ಅದೇ ಚೌಕಟ್ಟು ತೆಗೆದರೆ ಒಂದಿಂಚು ಸೆನ್ಸರ್‌ನ ಎಫ್/4, ಫುಲ್ ಫ್ರೇಮ್‌ನ ಎಫ್/11ರಷ್ಟೇ ಆಳ ಕೊಡುತ್ತದೆ. ಫುಲ್ ಫ್ರೇಮ್ ಸೆನ್ಸರ್ ಇದರ 2.7 ಪಟ್ಟು ಅಗಲ, 4ನ್ನು ಅದರಿಂದ ಗುಣಿಸಿ ನೋಡಿ. 1932ರಲ್ಲಿ ಅಮೆರಿಕದ ಫೋಟೊಗ್ರಾಫರ್ ಆನ್ಸೆಲ್ ಆಡಮ್ಸ್ ಮತ್ತು ಗೆಳೆಯರು ತಮ್ಮ ಗುಂಪಿಗೆ ‘ಎಫ್/64’ ಅಂತ ಹೆಸರಿಟ್ಟರು. ಅವರದು ದೊಡ್ಡ ಹಾಳೆ ಫಿಲ್ಮು, 8 × 10 ಇಂಚಿನದೂ ಇತ್ತು. ಅಷ್ಟು ದೊಡ್ಡ ಹಾಳೆಯ 64 ಅಂದರೆ ಫುಲ್ ಫ್ರೇಮ್‌ನ ಎಂಟೂವರೆ, ನನ್ನ ಪುಟ್ಟ ಕ್ಯಾಮೆರಾದಲ್ಲಿ ಮೂರು ಚಿಲ್ಲರೆ.

ಉಳಿದದ್ದು ಜಲಪಾತದ ಕಷ್ಟ. ನೀರು ಹಾಲಿನ ಹಾಗೆ ಬರಬೇಕಾದರೆ ಶಟರ್ ನಿಧಾನ ಆಗಬೇಕು, ಅದಕ್ಕೇ ಮೊದಲೆಲ್ಲ ಎಫ್/11. ಈಗ ಬೆಳಕನ್ನು ಎಂಟನೇ ಒಂದು ಪಾಲಿಗೆ ಇಳಿಸುವ ಎನ್‌ಡಿ8 ಫಿಲ್ಟರ್ ಹಾಕುತ್ತೇನೆ. 11ರಿಂದ 4ಕ್ಕೆ ಮೂರು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಅಥವಾ ಅರ್ಧ), ಆ ಫಿಲ್ಟರ್ ತಡೆಯುವುದೂ ಮೂರೇ ಸ್ಟಾಪ್. ಲೆಕ್ಕ ಚುಕ್ತಾ.

ತೀರಾ ಹತ್ತಿರದಿಂದ ಹೂವು ತೆಗೆಯುವಾಗ ಎಫ್/8ಕ್ಕೆ ಹೋಗುವುದುಂಟು, ಎಸಳು ಪೂರ್ತಿ ಫೋಕಸ್‌ನಲ್ಲಿರಲಿ ಅಂತ. ಸ್ವಲ್ಪ ಶಾರ್ಪನಿಂಗ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಯಾರಿಗೂ ಗೊತ್ತಾಗಲ್ಲ. ಹಳೇಬೀಡಿಗೆ ಮಾತ್ರ ಇನ್ನೊಮ್ಮೆ ಹೋಗಿ ಬಂದೆ. ಅದೇ ವಿಗ್ರಹ, ಅಂಥದೇ ಬಿಸಿಲು, ಎಫ್/4, ಶಟರ್ 1/2000. ಈ ಸಲ ಮಣಿಗಳನ್ನು ಕಂಪ್ಯೂಟರ್ ಮುಂದೆ ಕೂತೇ ಎಣಿಸಿದೆ.